ನೋ ರಿಸಲ್ಟ್ಸ್ ಫೌಂಡ್

ಲೈಬ್ರೇರಿಯನ್ ಅಂತ ಹೇಳಿದರೆ ಜನ ಎರಡು ಥರ ಮುಖ ಮಾಡುತ್ತಾರೆ. ಒಂದು, "ಎಷ್ಟು ಚೆನ್ನಾಗಿರುತ್ತೆ, ದಿನಾ ಪುಸ್ತಕ ಓದ್ಕೊಂಡು ಇರಬಹುದು" ಅನ್ನುವ ಮುಖ. ಇನ್ನೊಂದು, "ಗೂಗಲ್ ಬಂದ ಮೇಲೂ ಅದೆಲ್ಲ ಇದೆಯಾ?" ಅನ್ನುವ ಮುಖ. ಮೊದಲನೆಯವರನ್ನು ನಾನು ಕೇಳುವುದು ಇಷ್ಟೇ: ಮಿಠಾಯಿ ಅಂಗಡಿಯವನು ದಿನಾ ಮೈಸೂರು ಪಾಕ್ ತಿನ್ನುತ್ತಾನಾ? ಎರಡನೆಯವರಿಗೆ ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ನಾನು 14 ವರ್ಷದಿಂದ ಇದ್ದೇನೆ. ನಮ್ಮಲ್ಲಿ ಇಂಗ್ಲಿಷ್ ಪುಸ್ತಕಗಳಿಗೆ ದೊಡ್ಡ ಹಾಲ್, ಕನ್ನಡಕ್ಕೆ ಹಿಂದಿನ ರೂಮು. ಕನ್ನಡದ್ದು ಸುಮಾರು 3,200 ಪುಸ್ತಕ. ಆ ರೂಮಿಗೆ ಒಬ್ಬರು ಅಟೆಂಡರ್. ಹುಡುಗರಿಗೆ ಅಂಕಲ್, ನನಗೆ ಅಣ್ಣ. ನಾನು ಸೇರುವ ಹೊತ್ತಿಗಾಗಲೇ ಅವರು ಅಲ್ಲಿ ಹಳಬರು. ಯಾವ ಪುಸ್ತಕ ಯಾವ ರ್‍ಯಾಕಿನಲ್ಲಿದೆ, ಯಾವುದರ ಬೈಂಡಿಂಗ್ ಬಿಚ್ಚಿದೆ, ಯಾವುದರ ಕೊನೆಯ ಪುಟ ಹರಿದಿದೆ, ಎಲ್ಲ ಅವರ ತಲೆಯಲ್ಲಿ.

ಕನ್ನಡ ಪುಸ್ತಕಗಳ ಪಟ್ಟಿ ಕಂಪ್ಯೂಟರಿಗೆ ಏರಿದ್ದು ನಾನು ಸೇರುವ ಮೊದಲು. ಆಗ ಇದ್ದದ್ದು ಹಳೇ ಕಾಲದ ಫಾಂಟು. ಈ ಫಾಂಟುಗಳ ಗುಟ್ಟು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಪರದೆಯ ಮೇಲೆ ಕನ್ನಡ ಕಾಣುತ್ತೆ, ಒಳಗೆ ಇರೋದು ಇಂಗ್ಲಿಷ್ ಕೀಲಿಗಳ ಸಂಕೇತ. "ಕನ್ನಡ" ಅನ್ನುವ ಪದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏಳು ಚಿಹ್ನೆ ಸಾಲಾಗಿ ನಿಲ್ಲುತ್ತವೆ: ಒಂದು ಪಿ, ತಲೆ ಮೇಲೆ ಗೀಟಿರುವ ಒಂದು ಎ, ಬ್ರಿಟಿಷರ ಪೌಂಡಿನ ಗುರುತು, ಇನ್ನೊಂದು ಗೀಟಿನ ಎ, ಹೀಗೆ. ಹಳೇ ಕನ್ನಡ ಫೈಲುಗಳಲ್ಲಿ ಪೌಂಡಿನ ಗುರುತು ಕಂಡರೆ ಅದು "ನ" ಅಕ್ಷರ ಅಂತ ನಾನೀಗ ನಿದ್ದೆಯಲ್ಲೂ ಹೇಳಬಲ್ಲೆ.

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಖಾಯಂ ವಿಳಾಸ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇತ್ತು. ನಮ್ಮ ಆಫೀಸುಗಳು, ಪ್ರೆಸ್ಸುಗಳು, ಲೈಬ್ರರಿಗಳು ಆ ವಿಳಾಸಕ್ಕೆ ಮನೆ ಬದಲಾಯಿಸಲು ಬಹಳ ವರ್ಷ ಹಿಡಿಯಿತು. ಪರಿಣಾಮ ಏನಪ್ಪ ಅಂದರೆ, ಹುಡುಗರು ಹುಡುಕಲಿ ಅಂತ ನಮ್ಮ ಹಾಲಿನಲ್ಲಿ ಎರಡು ಕಂಪ್ಯೂಟರ್ ಇಟ್ಟಾಗ ಇಂಗ್ಲಿಷ್ ಪುಸ್ತಕಗಳು ಸಿಗುತ್ತಿದ್ದವು, ಕನ್ನಡದವು ಸಿಗುತ್ತಿರಲಿಲ್ಲ. ಪಕ್ಕದಲ್ಲೇ ಒಂದು ಚೀಟಿ ಅಂಟಿಸಿದ್ದೆವು: "ಕನ್ನಡ ಪುಸ್ತಕಗಳಿಗೆ ಅಟೆಂಡರ್ ಅವರನ್ನು ಕೇಳಿ." ನಮ್ಮ ಅಣ್ಣನೇ ಕನ್ನಡದ ಸರ್ಚ್ ಎಂಜಿನ್. ವ್ಯವಸ್ಥೆ ಕುಂಟುತ್ತಲೇ ನಡೆಯುತ್ತಿತ್ತು.

ಆಮೇಲೆ ಕಾಲೇಜಿನವರು ಎಲ್ಲವನ್ನೂ ಆನ್‌ಲೈನ್ ಮಾಡೋಣ ಅಂದರು. ಹುಡುಗರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಪುಸ್ತಕ ಹುಡುಕಬೇಕು, ಕಾಯ್ದಿರಿಸಬೇಕು. ಬಂದದ್ದು ಕೋಹಾ ಅನ್ನುವ ತಂತ್ರಾಂಶ. ಇದರ ಹುಟ್ಟಿನ ಕತೆ ನನಗಿಷ್ಟ. ನ್ಯೂಜಿಲೆಂಡಿನ ಹೊರೊಫೆನುವಾ ಅನ್ನುವ ಕಡೆ ಲೈಬ್ರರಿಗಳ ಹಳೇ ಸಿಸ್ಟಮ್ಮು 2000ನೇ ಇಸವಿ ದಾಟುವುದಿಲ್ಲ ಅಂತ ಗೊತ್ತಾಯಿತು. 1999ರಲ್ಲಿ ಅವರು ಹೊಸದೊಂದನ್ನು ಬರೆಸಿದರು, ಬರೆಸಿದ್ದನ್ನು ಯಾರು ಬೇಕಾದರೂ ಬಳಸಿ, ತಿದ್ದಿ ಅಂತ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಕೊಡುಗೆ. ಅದೂ ಸುಮ್ಮನೆ ಕೊಡುಗೆಯಲ್ಲ, ಇವತ್ತು ನೀನು ಕೊಟ್ಟರೆ ನಾಳೆ ನಾನು ಕೊಡುತ್ತೇನೆ ಅನ್ನುವ ಥರದ್ದು. ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಕಲಿಯೋದು ಮಾತ್ರ ಮದುವೆ ಊಟದಷ್ಟು ಸುಲಭ ಇರಲಿಲ್ಲ. ರಾತ್ರಿ ಅಡುಗೆಮನೆ ಒರೆಸಿದ ಮೇಲೆ ಲ್ಯಾಪ್‌ಟಾಪ್ ತೆಗೆದು ವೀಡಿಯೊ ಪಾಠಗಳ ಮುಂದೆ ಕೂರುತ್ತಿದ್ದೆ. ಲೈಬ್ರರಿಗಳ ದಾಖಲೆಗೆ ಮಾರ್ಕ್ ಅಂತ ಒಂದು ನಮೂನೆ ಇದೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಎವ್ರಮ್ ಎಂಬ ಮಹಿಳೆ ಮುಂದೆ ನಿಂತು ರೂಪಿಸಿದ್ದು. ಅದರಲ್ಲಿ ಪ್ರತಿ ವಿವರಕ್ಕೂ ಒಂದು ನಂಬರು. 100 ಅಂದರೆ ಲೇಖಕರು, 245 ಅಂದರೆ ಪುಸ್ತಕದ ಹೆಸರು, 020 ಅಂದರೆ ಐಎಸ್‌ಬಿಎನ್. ಡಿಗ್ರಿ ಓದುವಾಗ ಇದನ್ನೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಈಗ ಕೈಗೆ ಹತ್ತಬೇಕಿತ್ತು. ತರಕಾರಿಯವನು "ಒಟ್ಟು 245 ಆಯ್ತಕ್ಕ" ಅಂದಾಗ "ಟೈಟಲ್ಲು" ಅಂತ ಬಾಯಿಗೆ ಬರುವಷ್ಟು ಹತ್ತಿತು.

ಇಂಗ್ಲಿಷ್ ಪುಸ್ತಕಗಳ ಕೆಲಸ ಮಜವಾಗಿತ್ತು. ಐಎಸ್‌ಬಿಎನ್ ಹೊಡೆದು ಒಂದು ಗುಂಡಿ ಒತ್ತಿದರೆ ವಾಷಿಂಗ್ಟನ್‌ನಿಂದ ಪೂರ್ತಿ ದಾಖಲೆ ನಮ್ಮ ಪರದೆಗೆ ಬಂದು ಕೂರುತ್ತೆ. ಕನ್ನಡ ಪುಸ್ತಕಗಳೂ ಅಲ್ಲಿ ಸಾಕಷ್ಟಿವೆ. ಅಮೆರಿಕ ನಮಗೆ ಕಳಿಸಿದ ಗೋಧಿಗೆ ನಾವು ರೂಪಾಯಿಯಲ್ಲಿ ಕಟ್ಟಿದ ಹಣದಲ್ಲೇ, 1962ರಿಂದ, ಅವರು ದೆಹಲಿಯ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಹಡಗು ಹತ್ತಿಸಿದರು. ಆದರೆ ಅವರ ದಾಖಲೆ ಇಂಗ್ಲಿಷ್ ಲಿಪಿಯಲ್ಲಿ, ಅಕ್ಷರದ ಮೇಲೆ ಗೀಟು, ಕೆಳಗೆ ಚುಕ್ಕೆ ಇಟ್ಟುಕೊಂಡು ಬರುತ್ತೆ. ನಮ್ಮ ಸಣ್ಣ ಪ್ರಕಾಶಕರ ಎಷ್ಟೋ ಹಳೇ ಪುಸ್ತಕಗಳಿಗೆ ಐಎಸ್‌ಬಿಎನ್ನೇ ಇಲ್ಲ. ಹಾಗಾಗಿ ಹಳೇ ಪಟ್ಟಿಯನ್ನೇ ಕೋಹಾಗೆ ತುಂಬಿದೆವು. ಯೂನಿಕೋಡ್ ಬಿಟ್ಟರೆ ಬೇರೇನೂ ಅರಿಯದ ಕೋಹಾ ನಮ್ಮ ಕನ್ನಡವನ್ನು ಪೌಂಡು, ಗೀಟು ಎಲ್ಲ ಸೇರಿಸಿ ಹಾಗೇ ನುಂಗಿತು.

ಇಷ್ಟರಲ್ಲಿ ಆಡಳಿತ ಮಂಡಳಿಯಿಂದ ಒಂದು ಪತ್ರ ಬಂತು. ಹೊಸ ಕಂಪ್ಯೂಟರ್ ಲ್ಯಾಬಿಗೆ ಜಾಗ ಬೇಕಿದೆ, ಐದು ವರ್ಷದಿಂದ ಒಮ್ಮೆಯೂ ಹೊರಗೆ ಹೋಗದ ಪುಸ್ತಕಗಳ ಪಟ್ಟಿ ಕೊಡಿ, ವಿಲೇವಾರಿ ಮಾಡೋಣ. ಕೇಳಿದ್ದು ಅನ್ಯಾಯ ಅನ್ನಲಾರೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ವೀಡಿಂಗ್ ಅನ್ನುತ್ತೇವೆ, ಕಳೆ ಕೀಳೋದು. ಕಳೆ ಕೀಳದ ಲೈಬ್ರರಿ ಉಗ್ರಾಣವಾಗುತ್ತೆ. ಹಿಂದಾದರೆ ಇಂಥ ಪಟ್ಟಿ ಮಾಡಲು ತಿಂಗಳುಗಟ್ಟಲೆ ಪುಸ್ತಕ ತೆರೆದು ಹಿಂದಿನ ಚೀಟಿ ನೋಡಬೇಕಿತ್ತು. ಕೋಹಾದಲ್ಲಿ ರಿಪೋರ್ಟ್ ಬರೆಯಲು ಕಲಿತಿದ್ದೆನಲ್ಲ, ಹತ್ತು ನಿಮಿಷದಲ್ಲಿ ಪಟ್ಟಿ ರೆಡಿ. 1,460 ಪುಸ್ತಕ. ಅದರಲ್ಲಿ 1,100ಕ್ಕಿಂತ ಹೆಚ್ಚು ಕನ್ನಡದವು.

ಪ್ರಿಂಟ್ ತೆಗೆದು ಅಣ್ಣನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿ, "ಇದೇನ್ ಮೇಡಂ, ಒಂದಕ್ಷರಾನೂ ಓದಕ್ಕಾಗಲ್ಲ" ಅಂದರು. ನಿಜ, ಪಟ್ಟಿಯಲ್ಲಿ ಇದ್ದದ್ದು ಪೌಂಡು, ಗೀಟು, ಪಿ. ಒಳಗೆ ಹೋಗಿ ನಂಬರು ಹಿಡಿದು ಒಂದಷ್ಟು ಪುಸ್ತಕ ತೆಗೆದು ಮೇಜಿನ ಮೇಲೆ ಜೋಡಿಸಿದರು. ಮಾಸ್ತಿ, ಶ್ರೀರಂಗ, ತ್ರಿವೇಣಿ, ನಿರಂಜನ. "ಇವು ಯಾರೂ ಓದಲ್ಲ ಅಂತ ಯಾರು ಹೇಳಿದ್ದು? ದಿನಾ ಸಂಜೆ ಟೇಬಲ್ ಮೇಲಿಂದ ಎತ್ತಿಡೋನು ನಾನು."

ಆ ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಪಟ್ಟಿ ಸುಳ್ಳು ಹೇಳಿರಲಿಲ್ಲ. ಆ ಪುಸ್ತಕಗಳು ಮನೆಗೆ ಹೋಗಿದ್ದು ಸೊನ್ನೆ ಸಲವೇ. ಆದರೆ ಆ ಸೊನ್ನೆಯೊಳಗೆ ಎರಡು ವಿಷಯ ಅಡಗಿದ್ದವು. ಒಂದು, ಅಲ್ಲೇ ಕೂತು ಓದಿ ಮೇಜಿನ ಮೇಲೆ ಬಿಟ್ಟು ಹೋದದ್ದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಎರಡು, ಮೊಬೈಲಿನಲ್ಲಿ ಹುಡುಕುವ ಹುಡುಗ "ಕಾರಂತ" ಅಂತ ಟೈಪ್ ಮಾಡಿದರೆ ಬರುತ್ತಿದ್ದ ಉತ್ತರ "ನೋ ರಿಸಲ್ಟ್ಸ್ ಫೌಂಡ್". ಇಲ್ಲ ಅಂದ ಮೇಲೆ ಅವನು ಯಾಕೆ ಬರುತ್ತಾನೆ? ನಮ್ಮ ಚೀಟಿ ಅಂಟಿದ್ದು ಹಾಲಿನ ಗೋಡೆಗೆ, ಅವನು ಇದ್ದದ್ದು ಯಶವಂತಪುರದ ಪೀಜಿಯಲ್ಲಿ. ಯಾರಿಗೂ ಬೇಡ ಅನ್ನೋದಕ್ಕೂ ಯಾರಿಗೂ ಕಾಣಲಿಲ್ಲ ಅನ್ನೋದಕ್ಕೂ ವ್ಯತ್ಯಾಸ ಗೊತ್ತಾಗುವ ಕಾಲಂ ಆ ಪಟ್ಟಿಯಲ್ಲಿ ಇರಲಿಲ್ಲ.

ನಮ್ಮ ವೃತ್ತಿಯ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಲೈಬ್ರೇರಿಯನ್ ಆದರು, ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ 1962ರಲ್ಲಿ ಇಲ್ಲೊಂದು ತರಬೇತಿ ಕೇಂದ್ರವನ್ನೂ ಕಟ್ಟಿದರು. ಅವರ ಎರಡನೇ ಸೂತ್ರದ ಅರ್ಥ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಮೂರನೆಯದು ಅದರ ತಿರುವು: ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಪರೀಕ್ಷೆಗೆ ಓದುವಾಗ ಎರಡೂ ಒಂದೇ ಅಲ್ವಾ ಅನ್ನಿಸುತ್ತಿತ್ತು. ಆ 1,100 ಪುಸ್ತಕಗಳ ಮುಂದೆ ನಿಂತಾಗ ಮೂರನೆಯದು ಬೇರೆಯೇ ಕೆಲಸ ಅಂತ ಗೊತ್ತಾಯಿತು. ಓದುಗ ಬಾಯಿ ಬಿಟ್ಟು ಕೇಳುತ್ತಾನೆ. ಪುಸ್ತಕ ಕೇಳಲ್ಲ. ಅದರ ಪರವಾಗಿ ಇನ್ನೊಬ್ಬರು ಕೂಗಬೇಕು.

ಒಂದು ಸೆಮಿಸ್ಟರ್ ಸಮಯ ಕೊಡಿ ಅಂತ ಪ್ರಿನ್ಸಿಪಾಲರನ್ನು ಕೇಳಿದೆ. ಕೊಟ್ಟರು. "ಅದಾದ ಮೇಲೂ ಸೊನ್ನೆಯೇ ಇದ್ದರೆ ನಾನೇನೂ ಮಾಡೋಕಾಗಲ್ಲಮ್ಮ" ಅಂತಲೂ ಅಂದರು.

ಮೊದಲ ಕೆಲಸ ಅಕ್ಷರಗಳದ್ದು. ಹಳೇ ಫಾಂಟನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಸಲಕರಣೆಗಳು ಆನ್‌ಲೈನಿನಲ್ಲಿವೆ. ಪಟ್ಟಿಯನ್ನು ಗೂಗಲ್ ಶೀಟಿಗೆ ಹಾಕಿ, ನೂರು ನೂರು ಸಾಲು ಕೊಟ್ಟು ತಿರುಗಿಸಿದೆ. ಮುಕ್ಕಾಲು ಪಾಲು ಚಂದಕ್ಕೆ ಬಂತು. ಉಳಿದದ್ದರಲ್ಲಿ ಬಹುಪಾಲು ಕೈಕೊಟ್ಟದ್ದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ನಾವು ಕೈಯಲ್ಲಿ ಬರೆದ ಹಾಗೆಯೇ ಅಕ್ಷರ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿಗೆ ಉಚ್ಚಾರಣೆಯ ಕ್ರಮ ಬೇಕು, "ರ್" ಮೊದಲು ಬರಬೇಕು. ಇದನ್ನು ಹಿಂದುಮುಂದು ಮಾಡಲು ಮರೆತ ಕಡೆಯೆಲ್ಲ "ಪರ್ವ" ಹೋಗಿ "ಪವ" ಆಗಿತ್ತು, ಪಕ್ಕದಲ್ಲಿ ಯಾವುದೋ ವಿದೇಶಿ ಅಕ್ಷರ. ಕರ್ನಾಟಕದ್ದೂ ಕರ್ವಾಲೊನದ್ದೂ ಅದೇ ಪಾಡು. ಅಂತರ್ಜಾಲದ ಹಳೇ ಕನ್ನಡ ಪುಟಗಳಲ್ಲಿ ಇಂಥವನ್ನು ನೀವೂ ನೋಡಿರುತ್ತೀರಿ. ಅವುಗಳನ್ನೆಲ್ಲ ಕೈಯಲ್ಲೇ ತಿದ್ದಬೇಕಾಯಿತು. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಅಣ್ಣ ಪುಸ್ತಕ ಹಿಡಿದು ಬೆನ್ನ ಮೇಲಿನ ಹೆಸರು ಓದುತ್ತಿದ್ದರು, ನಾನು ತಿದ್ದುತ್ತಿದ್ದೆ.

ಎರಡನೇ ಕೆಲಸ ಹೆಸರುಗಳದ್ದು. ಇಲ್ಲಿ ಕಲಿತದ್ದು ಯಾವ ವೀಡಿಯೊದಲ್ಲೂ ಇರಲಿಲ್ಲ. ಮಾರ್ಕ್ ನಮೂನೆಯಲ್ಲಿ ಲೇಖಕರ ಮನೆತನದ ಹೆಸರು ಮೊದಲು ಬರೆಯುವುದು ರೂಢಿ. ಇಂಗ್ಲಿಷಿನವರಿಗೆ ಅದು ಸರಿ. ನಮ್ಮಲ್ಲಿ ಕೊನೆಯ ಪದ ಹಿಡಿದರೆ ಮಾಸ್ತಿ ವೆಂಕಟೇಶ ಅಯ್ಯಂಗಾರರು ಅಯ್ಯಂಗಾರ್ ಆಗಿಬಿಡುತ್ತಾರೆ. ಅಯ್ಯಂಗಾರ್ ಬರೆದ ಕತೆ ಕೊಡಿ ಅಂತ ಯಾರಾದರೂ ಕೇಳುತ್ತಾರಾ? ಎಲ್ಲರೂ ಕೇಳೋದು ಮಾಸ್ತಿ, ಅದು ಕೋಲಾರ ಜಿಲ್ಲೆಯ ಒಂದು ಊರಿನ ಹೆಸರು. ಕುವೆಂಪು ಪುಸ್ತಕದಲ್ಲಿ ಕುವೆಂಪು, ಹಳೇ ದಾಖಲೆಯಲ್ಲಿ ಕೆ.ವಿ. ಪುಟ್ಟಪ್ಪ. ಬೇಂದ್ರೆಯವರು ಅಂಬಿಕಾತನಯದತ್ತರೂ ಹೌದು. ಶ್ರೀರಂಗ ಅಂದರೂ ಅವರೇ, ಆದ್ಯ ರಂಗಾಚಾರ್ಯ ಅಂದರೂ ಅವರೇ, ಆರ್.ವಿ. ಜಾಗೀರದಾರ್ ಅಂದರೂ ಅವರೇ. ತ್ರಿವೇಣಿ ಅಂದರೆ ಅನಸೂಯಾ ಶಂಕರ್. ಇದರ ಮೇಲೆ ಇಂಗ್ಲಿಷ್ ಸ್ಪೆಲ್ಲಿಂಗಿನ ಗಲಾಟೆ: ಕಾರಂತರ ಹೆಸರಿನ ಕೊನೆಗೆ ಎಚ್ ಹಾಕುವವರು, ಹಾಕದವರು, ಎ ಸೇರಿಸುವವರು.

ಕೋಹಾದಲ್ಲಿ ಇದಕ್ಕೊಂದು ಜಾಗ ಇದೆ, ಅಥಾರಿಟಿ ಫೈಲ್ ಅಂತ. ಒಬ್ಬ ಲೇಖಕರಿಗೆ ಒಂದು ಮುಖ್ಯ ಹೆಸರು, 100ನೇ ನಂಬರಿನಲ್ಲಿ. ಅವರನ್ನು ಜನ ಇನ್ನೇನೇನು ಅಂತ ಕರೆಯುತ್ತಾರೋ ಅದೆಲ್ಲ 400ರಲ್ಲಿ, ಎಷ್ಟು ಬೇಕಾದರೂ. ಹಾಗೆ ಹೆಸರುಗಳನ್ನು ಗಂಟು ಹಾಕಿಟ್ಟರೆ ಓದುಗ ಯಾವ ಬಾಗಿಲು ತಟ್ಟಿದರೂ ಅದೇ ಮನೆ ಸಿಗುತ್ತೆ. ಅಣ್ಣ ಇಷ್ಟು ವರ್ಷ ಮಾಡುತ್ತಿದ್ದದ್ದು ಇದನ್ನೇ. "ಪುಟ್ಟಪ್ಪನೋರ್ದು" ಅಂತ ಯಾರಾದರೂ ಹಿರಿಯರು ಬಂದು ಕೇಳಿದರೂ "ಕುವೆಂಪು ಬುಕ್" ಅಂತ ಹುಡುಗಿ ಕೇಳಿದರೂ ಅವರು ಹೋಗುತ್ತಿದ್ದದ್ದು ಒಂದೇ ರ್‍ಯಾಕಿಗೆ. ಈ ಫೈಲು ಅವರ ತಲೆಯ ನಕಲು ಅಂತ ಹೇಳಿದಾಗ ಅವರು ನಕ್ಕು, "ಹಂಗಾದ್ರೆ ಇದನ್ನೂ ಬರ್ಕೊಳಿ ಮೇಡಂ" ಅಂತ ಶುರು ಮಾಡಿದರು. ಎರಡು ವಾರ ನಿಲ್ಲಲಿಲ್ಲ.

ಮೂರನೇ ಕೆಲಸ ಮೇಜಿನ ಮೇಲೆ ಉಳಿದ ಪುಸ್ತಕಗಳದ್ದು. ಮನೆಗೆ ಒಯ್ಯದೆ ಅಲ್ಲೇ ಓದಿದ್ದನ್ನು ದಾಖಲಿಸಲೂ ಕೋಹಾದಲ್ಲಿ ದಾರಿ ಇದೆ, ಲೋಕಲ್ ಯೂಸ್ ಅನ್ನುತ್ತಾರೆ. ಸಂಜೆ ಎತ್ತಿಡುವ ಮುಂಚೆ ಪ್ರತಿ ಪುಸ್ತಕದ ಬಾರ್‌ಕೋಡ್ ಒಮ್ಮೆ ಸ್ಕ್ಯಾನ್ ಮಾಡಿದರಾಯಿತು. ಅಣ್ಣನ ಕೈಗೆ ಸ್ಕ್ಯಾನರ್ ಕೊಟ್ಟಾಗ "ಇದೆಲ್ಲ ನಂಗ್ಯಾಕೆ, ರಿಟೈರ್ ಆಗೋ ಟೈಮಲ್ಲಿ" ಅಂದರು. ಮೂರನೇ ದಿನಕ್ಕೆ ನಾನು ಮುಟ್ಟಿದರೆ "ನೀವು ಬಿಡಿ, ನಾನ್ ಮಾಡ್ತೀನಿ" ಅನ್ನುವ ಹಂತ. ಪೀಂ ಅನ್ನುವ ಆ ಸದ್ದು ಅವರಿಗೆ ಸಾಕ್ಷಿಯ ಥರ. ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿದ್ದದ್ದನ್ನು ಈಗ ಕಂಪ್ಯೂಟರೂ ಒಪ್ಪುತ್ತಿದೆ ಅನ್ನುವ ಹಾಗೆ.

ಇದೆಲ್ಲದರ ಜೊತೆಗೆ ಒಂದು ಗೂಗಲ್ ಫಾರ್ಮ್ ಮಾಡಿ, ಅದರ ಕ್ಯೂಆರ್ ಕೋಡನ್ನು ಎಲ್ಲ ಮೇಜುಗಳಿಗೆ ಅಂಟಿಸಿ, ಕೊಂಡಿಯನ್ನು ಹುಡುಕುವ ಪುಟದಲ್ಲೂ ಹಾಕಿದೆ. ಪ್ರಶ್ನೆ ಒಂದೇ: "ಏನು ಹುಡುಕಿದಿರಿ, ಏನು ಸಿಗಲಿಲ್ಲ?" ಹೆಸರು, ರೋಲ್ ನಂಬರ್ ಏನೂ ಬೇಡ. ಉತ್ತರ ಸಿಕ್ಕರೆ ಬೋರ್ಡಿನ ಮೇಲೆ ಹಾಕುತ್ತೇವೆ ಅಂತ ಕೆಳಗೆ ಬರೆದಿದ್ದೆ. ಬಂದವೆಲ್ಲ ಭಲೇ ಇದ್ದವು. "ತೇಜಸ್ವಿ ಕಾಡು ಬುಕ್." "ಹಾರುವ ಓತಿ ಇರೋದು." "ಸೆಕೆಂಡ್ ಸೆಮ್ ನೋಟ್ಸ್." "ಎಸಿ ಯಾವಾಗ ಹಾಕ್ತೀರಾ?" ಹಾರುವ ಓತಿ ಅಂದರೆ ಕರ್ವಾಲೊ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಕೋಹಾಗೆ ಗೊತ್ತಿರಲಿಲ್ಲ. ಆ ದಾಖಲೆಯಲ್ಲಿ ವಿಷಯ ಅಂತ ಇದ್ದದ್ದು ಒಂದೇ ಪದ, "ಕಾದಂಬರಿ".

ಒಂದು ಬೆಳಿಗ್ಗೆ ಶೀಟ್ ತೆರೆದಾಗ ಹೀಗಿತ್ತು: "ಮಗು ಆದಮೇಲೆ ಒಬ್ಬರಿಗೆ ಮನಸ್ಸು ಸರಿ ಇರಲ್ಲ, ಆಮೇಲೆ ವಾಸಿ ಆದರೂ ಮನೆಯವರು ಸೇರಿಸಲ್ಲ. ಹಳೇ ಕನ್ನಡ ಕಾದಂಬರಿ ಅಂತೆ. ಹೆಸರು ಗೊತ್ತಿಲ್ಲ. ಅಕ್ಕನಿಗೆ ಬೇಕಿತ್ತು."

ಅಣ್ಣನಿಗೆ ಓದಿ ಹೇಳಿದೆ. ಪೂರ್ತಿ ಕೇಳುವ ಮೊದಲೇ ಎದ್ದರು. "ಕಲ್ಪನಾ ಪಿಚ್ಚರ್ದು ಮೇಡಂ. ಪುಟ್ಟಣ್ಣ ಕಣಗಾಲ್ದು. ಎಡಗಡೆ ಮೂರನೇ ರ್‍ಯಾಕು, ಕೆಳಗಿಂದ ಎರಡನೇ ಸಾಲು." ತ್ರಿವೇಣಿಯವರ ಶರಪಂಜರ. ಪುಸ್ತಕದ ಒಳಗಿನ ನಂಬರನ್ನು ನನ್ನ ಪಟ್ಟಿಯ ಜೊತೆ ತಾಳೆ ನೋಡಿದೆ. ವಿಲೇವಾರಿಗೆ ಹೋಗಬೇಕಿದ್ದ 1,460ರಲ್ಲಿ ಅದೂ ಒಂದು.

ಬೋರ್ಡಿನ ಮೇಲೆ ಪುಸ್ತಕದ ಹೆಸರು ಬರೆದೆವು. ಎರಡು ದಿನದ ನಂತರ ಎರಡನೇ ವರ್ಷದ ಹುಡುಗಿಯೊಬ್ಬಳು ಬಂದು ತೆಗೆದುಕೊಂಡು ಹೋದಳು. ಅವಳೇ ಬರೆದವಳಾ, ಅಕ್ಕ ಹೇಗಿದ್ದಾಳೆ, ನಾನು ಕೇಳಲಿಲ್ಲ. ಯಾಕೆ ಬೇಕು ಅನ್ನುವುದು ಲೈಬ್ರೇರಿಯನ್ ಕೇಳಬಾರದ ಪ್ರಶ್ನೆ. ಅವತ್ತು ಸಂಜೆ ಆ ದಾಖಲೆ ತೆರೆದು 653ನೇ ನಂಬರಿಗೆ ಹೋದೆ. ಪುಸ್ತಕಕ್ಕೆ ಸಂಬಂಧಪಟ್ಟ ಬಿಡಿ ಪದಗಳನ್ನು, ಯಾವ ಅಧಿಕೃತ ಪಟ್ಟಿಯ ಹಂಗೂ ಇಲ್ಲದೆ ಬರೆಯಬಹುದಾದ ಜಾಗ ಅದು. ಬಾಣಂತಿ, ಬಾಣಂತಿ ಸನ್ನಿ, ಮಾನಸಿಕ ಕಾಯಿಲೆ, ಕಲ್ಪನಾ, ಸಿನಿಮಾ ಆದ ಕಾದಂಬರಿ. ಮುಂದಿನ ಸಲ ಇದನ್ನು ಹುಡುಕುವವರಿಗೆ ಹೆಸರು ಗೊತ್ತಿರಬೇಕಾಗಿಲ್ಲ, ಯಾರ ಮುಂದೆಯೂ ಬಾಯಿ ಬಿಡಬೇಕಾಗೂ ಇಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿದರೆ ಸಾಕು. ಅಣ್ಣ ಎಷ್ಟೇ ಒಳ್ಳೆಯವರಾದರೂ ಅವರ ಎದುರು ನಿಂತು ಇದನ್ನು ಕೇಳಲಾರದೆ ವಾಪಸ್ ಹೋದವರು ಹಿಂದೆ ಎಷ್ಟು ಜನ ಇದ್ದರೋ.

ಹೊಸ ಸಲಕರಣೆಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ಆಗಲೇ. ಹಳೇ ಲೈಬ್ರರಿಯ ಆತ್ಮೀಯತೆ, ಕಾರ್ಡಿನ ವಾಸನೆ ಅಂತ ಹಾಡಿ ಹೊಗಳುವವರ ಜೊತೆ ನಾನಿಲ್ಲ. ಕಂಪ್ಯೂಟರ್ ಹೇಳಿದ್ದೇ ವೇದ ಅನ್ನುವವರ ಜೊತೆಗೂ ಇಲ್ಲ. ಕೋಹಾ ಹತ್ತು ನಿಮಿಷದಲ್ಲಿ 1,460 ಪುಸ್ತಕಗಳನ್ನು ಗುಜರಿಗೆ ಬರೆದುಕೊಟ್ಟಿತ್ತು. ಅದೇ ಕೋಹಾ, ಅಣ್ಣನಿಗೆ ಗೊತ್ತಿದ್ದದ್ದನ್ನು ಕಲಿಸಿದ ಮೇಲೆ, ಅಣ್ಣ ಕೈಲಾಗದ ಕೆಲಸವನ್ನೂ ಮಾಡಿತು. ನಮಗೆ ತಿಳಿದದ್ದನ್ನು ಅದಕ್ಕೆ ಹೇಳಿಕೊಡುವವರು ಬೇಕು. ಗೂಗಲ್ ಬಂದ ಮೇಲೂ ಲೈಬ್ರೇರಿಯನ್ ಯಾಕೆ ಅಂದರೆ, ಇದಕ್ಕೆ.

ಸೆಮಿಸ್ಟರ್ ಮುಗಿದಾಗ ಹೊಸ ರಿಪೋರ್ಟ್ ತೆಗೆದೆ. ಪಟ್ಟಿಯಲ್ಲಿದ್ದ ಕನ್ನಡ ಪುಸ್ತಕಗಳಲ್ಲಿ ಮುನ್ನೂರಕ್ಕೂ ಹೆಚ್ಚು ಈಗ ಸೊನ್ನೆ ದಾಟಿದ್ದವು. ಕೆಲವು ಮನೆಗೆ ಹೋಗಿ ಬಂದಿದ್ದವು, ಬಹಳಷ್ಟು ಮೇಜಿನ ಮೇಲೆ ಓದಿಸಿಕೊಂಡಿದ್ದವು. ಇದೇನೂ ಸಿನಿಮಾದ ಕ್ಲೈಮ್ಯಾಕ್ಸ್ ಆಗಲಿಲ್ಲ. ಸಿಲಬಸ್ ಬದಲಾದ ಗೈಡುಗಳು, ಯಾರೂ ಬಳಸದ ಹಳೇ ಸಾಫ್ಟ್‌ವೇರ್‌ಗಳ ಇಂಗ್ಲಿಷ್ ಪಠ್ಯಗಳು, ಗೆದ್ದಲು ತಿಂದ ಒಂದಷ್ಟು ಕನ್ನಡ ಪುಸ್ತಕಗಳು ಹೋದವು. ಅವು ಹೋಗಲೇಬೇಕಿತ್ತು. ಹಿಂದಿನ ರೂಮಿನ ಅರ್ಧ ಲ್ಯಾಬಿಗೆ ಹೋಯಿತು. ಉಳಿದರ್ಧದಲ್ಲಿ ರ್‍ಯಾಕುಗಳು ಸ್ವಲ್ಪ ಒತ್ತಾಗಿವೆ, ದಪ್ಪ ಇರುವವರು ಅಡ್ಡ ನಡೆಯಬೇಕು. ಕನ್ನಡ ಪುಸ್ತಕಗಳು ಅಲ್ಲೇ ಇವೆ.

ನಿಮ್ಮ ಕಾಲೇಜಿನ, ಬಡಾವಣೆಯ ಲೈಬ್ರರಿಯ ಪುಟದಲ್ಲಿ ಕನ್ನಡ ಹುಡುಕಿ ಏನೂ ಸಿಗದಿದ್ದರೆ ಅಲ್ಲಿಗೇ ಬಿಡಬೇಡಿ. ಒಂದು ಫೋನ್ ಮಾಡಿ, ಇಲ್ಲವೇ ಶನಿವಾರ ಹೋಗಿ ಕೇಳಿ. ನೀವು ಕೇಳಿದ ಪದ, ನೀವು ಬರೆದ ಸ್ಪೆಲ್ಲಿಂಗು, ನಿಮಗೆ ನೆನಪಿರುವ ಅರ್ಧಂಬರ್ಧ ಕತೆ, ಅಲ್ಲಿರುವವರಿಗೆ ಬೇಕಾದದ್ದು ಅದೇ.

ಅಣ್ಣ ಬರುವ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಅಥಾರಿಟಿ ಫೈಲಿನಲ್ಲಿ ಕನ್ನಡ ಲೇಖಕರ ಹೆಸರು ನಾನೂರು ದಾಟಿದೆ. ಮೊನ್ನೆ ಮನೆಗೆ ಹೊರಟವರು ಗೇಟಿನಿಂದ ವಾಪಸ್ ಬಂದು, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಇಣುಕಿದರು. "ಮೇಡಂ, ನಿರಂಜನ ಅವರ ಇನ್ನೊಂದು ಹೆಸರು ಕುಳಕುಂದ ಶಿವರಾಯ. ಹಾಕಿದೀರಾ?"

ಹಾಕಿರಲಿಲ್ಲ. ಆಫ್ ಮಾಡಿದ್ದ ಕಂಪ್ಯೂಟರನ್ನು ಮತ್ತೆ ಆನ್ ಮಾಡಿದೆ.